ಮಗುವಿನ ಕೋಣೆಯ ಗೋಡೆಗೆ ಯಾವ ಮರ?

ಹಂಸಭಾವಿ, ಹಿರೇಕೆರೂರು, ಹಾನಗಲ್ಲ ಭಾಗದ ಊರುಗಳಲ್ಲಿ ಮನೆ ಕಟ್ಟುವ ರೀತಿ ಒಂದು ತಲೆಮಾರಿನೊಳಗೆ ಪೂರ್ತಿ ಬದಲಾಗಿದೆ. ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತಿಗಳ ಮಾಳಿಗೆ ಮನೆಗಳು ಇಳಿಯುತ್ತಿವೆ. ಅವುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಏಳುತ್ತಿವೆ. ಹಳೆಯ ಮನೆಯಲ್ಲಿ ಮಗುವಿಗೆಂದು ಬೇರೆ ಕೋಣೆ ಇರಲಿಲ್ಲ. ಪಡಸಾಲೆಯೇ ಅದರ ಆಟದ ಬಯಲು, ಅಜ್ಜಿಯ ಮಗ್ಗುಲೇ ಅದರ ಹಾಸಿಗೆ. ಹೊಸ ಮನೆಯ ನಕ್ಷೆಯಲ್ಲಿ ಮಕ್ಕಳ ಕೋಣೆಯೂ ಸೇರಿದೆ. ಆ ಕೋಣೆಯ ಒಂದು ಗೋಡೆಗೆ ಮರದ ಪಟ್ಟಿಗಳನ್ನು ಚೌಕ ಚೌಕವಾಗಿಯೋ ಉದ್ದುದ್ದ ಗೆರೆಗಳಾಗಿಯೋ ಜೋಡಿಸಿ, ಮೇಲೆ ಬಣ್ಣ ಬಳಿದು, ಉಳಿದ ಮೂರು ಗೋಡೆಗಳಿಗಿಂತ ಭಿನ್ನವಾಗಿ ಕಾಣಿಸುವ ರೂಢಿಯೂ ಪಟ್ಟಣಗಳಿಂದ ಹಳ್ಳಿಗಳತ್ತ ಹೊರಟಿದೆ.

ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ಸುಲಭ; ಆದರೆ ಅದು ನ್ಯಾಯವಲ್ಲ. ದ್ವಾರಬಾಗಿಲಿನ ಚೌಕಟ್ಟಿಗೆ ಬಳ್ಳಿ, ಗಿಳಿ, ಕಮಲಗಳನ್ನು ಕೆತ್ತಿಸಿದ ಜನರ ಮೊಮ್ಮಕ್ಕಳು ತಮ್ಮ ಮಗುವಿನ ಕಣ್ಣಿಗೆ ಒಂದಿಷ್ಟು ಚೆಲುವನ್ನು ಒದಗಿಸಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗೋಡೆಗೆ ಮೊದಲ ಮೊಳೆ ಹೊಡೆಯುವ ಮುನ್ನ ಮನೆಯವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗಿದೆ. ಈ ಮರ ಯಾವ ನೆಲದಿಂದ ಬಂದಿತು? ಇದನ್ನು ಹಿಡಿದಿಟ್ಟಿರುವ ಅಂಟು, ಮುಚ್ಚಿರುವ ಬಣ್ಣ ಎಂಥವು? ನಾಳೆ ಬೇಡವೆನಿಸಿದಾಗ ಇದನ್ನು ಬಿಚ್ಚಿ ಬೇರೆ ಕೆಲಸಕ್ಕೆ ಬಳಸಬಹುದೆ?

ಮೊದಲ ಪ್ರಶ್ನೆಯನ್ನು ಈ ಸೀಮೆಯ ಜನ ಬಹಳ ಹಿಂದೆಯೇ ದೊಡ್ಡ ದನಿಯಲ್ಲಿ ಕೇಳಿದ್ದರು. 1984ರಲ್ಲಿ ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿತು. ಅಂದಿನ ಧಾರವಾಡ, ಶಿವಮೊಗ್ಗ ಮತ್ತಿತರ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿಯಂಥ ತಿರುಳು ಮರಗಳನ್ನು ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಆ ಕಂಪನಿಯ ಉದ್ದೇಶವಾಗಿತ್ತು. ದನ ಮೇಯುತ್ತಿದ್ದ, ಸೌದೆ ಸೊಪ್ಪು ಸಿಗುತ್ತಿದ್ದ, ನೇಗಿಲಿಗೆ ಕಟ್ಟಿಗೆ ದೊರೆಯುತ್ತಿದ್ದ ನೆಲಕ್ಕೆ ಒಂದೇ ಜಾತಿಯ ಮರದ ಸಾಲುಗಳು ಬಂದವು. ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು; 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ಯಥಾಸ್ಥಿತಿ ಕಾಯ್ದುಕೊಳ್ಳುವಂತೆ ಆದೇಶಿಸಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಕುಸನೂರಿನಿಂದ ಮಗುವಿನ ಕೋಣೆಯ ಗೋಡೆಗೆ ದೂರ ಬಹಳವೆಂದು ತೋರಬಹುದು. ಆದರೆ ಅಂಗಡಿಯಲ್ಲಿ ‘ಮರದ ಪಟ್ಟಿ’ ಎಂಬ ಹೆಸರಿನಿಂದ ಇಂದು ದೊರೆಯುವ ವಸ್ತುವನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ದೂರ ಕಡಿಮೆಯಾಗುತ್ತದೆ. ಅದರಲ್ಲಿ ಎಳೆಗಳಿಲ್ಲ, ಗಂಟಿಲ್ಲ, ವರ್ಷದುಂಗುರಗಳಿಲ್ಲ. ಅದು ಎಂ.ಡಿ.ಎಫ್. ಎಂದು ಕರೆಯಲಾಗುವ ನಾರುಹಲಗೆ. ನೀಲಗಿರಿ, ಸುಬಾಬುಲ್, ಸರ್ವೆ ಮುಂತಾದ ಬೇಗ ಬೆಳೆಯುವ ಮರಗಳನ್ನು ಚೂರು ಮಾಡಿ, ಆವಿಯಲ್ಲಿ ಮೆದುಗೊಳಿಸಿ, ನಾರಾಗಿ ಬಿಡಿಸಿ, ಅಂಟು ಬೆರೆಸಿ, ಶಾಖದಲ್ಲಿ ಒತ್ತಿದ ಹಲಗೆ ಅದು. ಬಟ್ಟೆಯ ನೂಲಿಗಾಗಿ, ಕಾಗದಕ್ಕಾಗಿ ಬೇಕಾಗಿದ್ದ ಬಗೆಯ ಮರವೇ ಇಂದು ಕಪಾಟು, ಮಂಚ, ಗೋಡೆಯ ಪಟ್ಟಿಗಳ ರೂಪದಲ್ಲಿ ಮನೆಯೊಳಕ್ಕೆ ಬಂದಿದೆ. ಬೇಡಿಕೆ ಕಾರ್ಖಾನೆಯ ದ್ವಾರದಲ್ಲಿ ಮಾತ್ರ ಹುಟ್ಟುವುದಿಲ್ಲ. ಮನೆಯ ಒಳಗೋಡೆಯಲ್ಲಿಯೂ ಹುಟ್ಟುತ್ತದೆ. 1980ರಲ್ಲಿ ಮೈಸೂರು ಕಾಗದ ಕಾರ್ಖಾನೆಗೆ 40 ವರ್ಷಗಳ ಗುತ್ತಿಗೆಗೆ ಕೊಟ್ಟಿದ್ದ ನೆಲದಲ್ಲಿ ಮತ್ತೆ ಅಕೇಶಿಯಾ ಬೇಡವೆಂದು 2020ರಲ್ಲಿ ಶಿವಮೊಗ್ಗ ಭಾಗದ ಜನ ದನಿಯೆತ್ತಿದಾಗಲೂ ಒಳಗಿದ್ದ ಪ್ರಶ್ನೆ ಇದೇ ಆಗಿತ್ತು: ಊರಿನ ನೆಲ ಯಾರ ಅಗತ್ಯಕ್ಕಾಗಿ ಯಾವ ಮರವನ್ನು ಬೆಳೆಯಬೇಕು?

ಇಲ್ಲಿ ಒಂದು ವಾದವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ನಾರುಹಲಗೆಗೆ ದಟ್ಟ ಕಾಡಿನ ಮರ ಬೇಕಾಗಿಲ್ಲ; ರೈತರ ಹೊಲದ ಬದುವಿನಲ್ಲಿ ಬೆಳೆದ ಎಳೆಯ ಮರಗಳೇ ಸಾಕು. ಅದರಿಂದ ರೈತನಿಗೆ ನಾಲ್ಕು ಕಾಸು ಬರುತ್ತದೆ, ಕಾಡಿನ ತೇಗ, ಹೊನ್ನೆ, ಮತ್ತಿಗಳ ಮೇಲಿನ ಒತ್ತಡವೂ ತಗ್ಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ರೈತ ತನ್ನ ಸ್ವಂತ ಹೊಲದಲ್ಲಿ ತನ್ನ ಲೆಕ್ಕಾಚಾರದಿಂದ ಬೆಳೆಯುವ ಮರಕ್ಕೂ, ಊರಿನ ಗೋಮಾಳವನ್ನು ಕಸಿದು ಬೆಳೆಸುವ ನೆಡುತೋಪಿಗೂ ವ್ಯತ್ಯಾಸವಿದೆ. ಆದರೆ ಅಂಗಡಿಯಲ್ಲಿ ನಿಂತ ಗಿರಾಕಿಗೆ ಆ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಹಲಗೆಯ ಮೇಲೆ ಊರಿನ ಹೆಸರೂ ಇರುವುದಿಲ್ಲ, ಮರದ ಹೆಸರೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಗು ಮಲಗುವ ಕೋಣೆಯ ಮಟ್ಟಿಗೆ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಅದು ಅಂಟಿನ ಪ್ರಶ್ನೆ.

ಇಂಥ ಹಲಗೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಅಂಟು. ಅದು ಅಗ್ಗ, ಬೇಗ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾದ ಮೇಲೂ ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಲೇ ಇರುತ್ತದೆ. ಹೊಸತರಲ್ಲಿ ಹೆಚ್ಚು, ಬರಬರುತ್ತ ಕಡಿಮೆ; ಸೆಕೆ ಹೆಚ್ಚಿದಾಗ ಮತ್ತು ತೇವ ಹೆಚ್ಚಿದಾಗ ಮತ್ತೆ ಹೆಚ್ಚು. ಕಣ್ಣುರಿ, ಮೂಗು ಗಂಟಲಿನ ಕೆರಳಿಕೆ ಅದರ ಮೊದಲ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಕೋಣೆಯ ಗಾಳಿಯಲ್ಲಿ ಅರ್ಧ ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಿತಿ ಸೂಚಿಸಿದೆ. ಇದರರ್ಥ ಒಂದು ಪಟ್ಟಿ ಹೊಡೆದೊಡನೆ ಮಗುವಿಗೆ ರೋಗ ಬರುತ್ತದೆಂದಲ್ಲ. ಆದರೆ ಮಗು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ. ದಿನದ ಹತ್ತು ಹನ್ನೆರಡು ಗಂಟೆ ಅದೇ ಕೋಣೆಯಲ್ಲಿರುತ್ತದೆ. ಮುಂಗಾರಿನ ನಾಲ್ಕು ತಿಂಗಳು ಕಿಟಕಿ ಮುಚ್ಚಿ, ಗೋಡೆ ಶೀತ ಹಿಡಿದಿರುವ ಅರೆಮಲೆನಾಡಿನ ಮನೆಯಲ್ಲಿ ಹಲಗೆಯ ಗೋಡೆ, ಹಲಗೆಯ ಕಪಾಟು, ಹಲಗೆಯ ಮಂಚ ಮೂರೂ ಒಂದೇ ಕೋಣೆಯಲ್ಲಿ ಸೇರುವುದು ಬೇಡವೆನ್ನಲು ಇಷ್ಟು ಕಾರಣ ಸಾಕು. ಕೊಳ್ಳಲೇಬೇಕಾದವರು ಐ.ಎಸ್.ಐ. ಗುರುತು ಮತ್ತು ನಾರುಹಲಗೆಗೆ ಸಂಬಂಧಿಸಿದ ಐ.ಎಸ್. 12406 ಸಂಖ್ಯೆ ಇದೆಯೇ ಎಂದು ನೋಡಬೇಕು. ಕಡಿಮೆ ಅನಿಲ ಸೂಸುವ ‘ಇ–1’ ಅಥವಾ ಅದಕ್ಕಿಂತ ಉತ್ತಮ ದರ್ಜೆಯದನ್ನೇ ಕೇಳಬೇಕು. ಕತ್ತರಿಸಿದ ಅಂಚುಗಳನ್ನು ತೆರೆದಿಡದೆ ಮುಚ್ಚಿಸಬೇಕು. ಕೆಲಸ ಮುಗಿದ ಮೇಲೆ ಕೆಲವು ವಾರಗಳಾದರೂ ಕಿಟಕಿ ತೆರೆದಿಟ್ಟು, ಆಮೇಲೆ ಮಗುವನ್ನು ಅಲ್ಲಿ ಮಲಗಿಸಬೇಕು.

ಬಣ್ಣದ ಮಾತೂ ಇಷ್ಟೇ ಗಂಭೀರವಾದುದು. ಸೀಸ ಬೆರೆತ ಬಣ್ಣ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಅದಕ್ಕೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲ. ಭಾರತ ಸರಕಾರ 2016ರಲ್ಲಿ ನಿಯಮ ಮಾಡಿ, ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ವಿಧಿಸಿತು. 2017ರ ನವೆಂಬರ್‌ನಿಂದ ಅದು ಜಾರಿಗೆ ಬಂದಿತು. ಆದ್ದರಿಂದ ಡಬ್ಬಿಯ ಮೇಲೆ ಆ ಘೋಷಣೆ ಇರುವ ಬಣ್ಣವನ್ನೇ ಕೊಳ್ಳಬೇಕು. ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಹಳೆಯ ಎನಾಮೆಲ್ ಡಬ್ಬಿ ಎಷ್ಟೇ ತುಂಬಿದ್ದರೂ ಮಗುವಿನ ಕೋಣೆಗೆ ಸಲ್ಲದು.

ಹಾಗಾದರೆ ಉಪಾಯವೇನು? ಅಂಗಡಿಗೆ ಹೋಗುವ ಮುನ್ನ ಹಿತ್ತಲಿನತ್ತ ನೋಡಬೇಕು. ಹಳೆಯ ಮನೆ ಇಳಿಸಿದ ಮೇಲೆ ಅದರ ಜಂತಿ, ತೊಲೆ, ಬೋದಿಗೆ, ಬಾಗಿಲ ಚೌಕಟ್ಟುಗಳಿಗೆ ಬರುವ ಗತಿ ಎಲ್ಲರಿಗೂ ಗೊತ್ತಿರುವುದೇ. ದೊಡ್ಡ ಕಂಬ, ಕೆತ್ತನೆಯ ಬಾಗಿಲುಗಳನ್ನು ಪಟ್ಟಣದ ವ್ಯಾಪಾರಿ ಒಯ್ಯುತ್ತಾನೆ. ಉಳಿದದ್ದು ನೀರೊಲೆಗೆ ಹೋಗುತ್ತದೆ ಅಥವಾ ಮಳೆಯಲ್ಲಿ ನೆನೆದು ಗೆದ್ದಲಿಗೆ ಆಹಾರವಾಗುತ್ತದೆ. ಐವತ್ತು ಅರವತ್ತು ವರ್ಷ ಸೂರಿನಡಿ ಒಣಗಿದ ಸಾಗವಾನಿ, ಮತ್ತಿ, ನಂದಿ ಮರದ ತುಂಡಿನಷ್ಟು ಹದವಾದ ಮರ ಇಂದು ಯಾವ ಡಿಪೋದಲ್ಲಿಯೂ ಸುಲಭವಾಗಿ ಸಿಗದು. ಅದು ಕುಗ್ಗುವಷ್ಟು ಕುಗ್ಗಿ, ಬಾಗುವಷ್ಟು ಬಾಗಿ, ತನ್ನ ನೆಲೆ ಕಂಡುಕೊಂಡಿರುತ್ತದೆ. ಅದಕ್ಕೆ ಅಂಟು ಬೇಡ; ಅದಕ್ಕಾಗಿ ಹೊಸದಾಗಿ ಒಂದು ಮರವೂ ಉರುಳಬೇಕಾಗಿಲ್ಲ.

ಎಷ್ಟು ಮರ ಬೇಕಾಗುತ್ತದೆಂಬ ಲೆಕ್ಕವನ್ನು ಶಾಲೆಯ ಮಕ್ಕಳೇ ಮಾಡಬಹುದು. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಗೋಡೆಯನ್ನು ಅರ್ಧ ಅಂಗುಲ ದಪ್ಪದ ಹಲಗೆಯಿಂದ ಪೂರ್ತಿ ಮುಚ್ಚಿದರೆ ನಾಲ್ಕು ಘನ ಅಡಿಗಿಂತ ಹೆಚ್ಚು ಮರ ಬೇಕು. ಅದೇ ಗೋಡೆಯ ಕೆಳಭಾಗದ ಮೂರೂವರೆ ಅಡಿಗೆ ಮಾತ್ರ, ಮೇಲೊಂದು ಕೆಳಗೊಂದು ಅಡ್ಡಪಟ್ಟಿ, ನಡುವೆ ಅಡಿಗೊಂದರಂತೆ ಹನ್ನೊಂದು ನೇರಪಟ್ಟಿ ಹೊಡೆದರೆ ಒಟ್ಟು ಪಟ್ಟಿಯ ಉದ್ದ 60 ಅಡಿ ದಾಟದು. ಪಟ್ಟಿ ಎರಡು ಅಂಗುಲ ಅಗಲ, ಅರ್ಧ ಅಂಗುಲ ದಪ್ಪವಿದ್ದರೆ ಅದರ ಗಾತ್ರ ಅರ್ಧ ಘನ ಅಡಿಗೂ ಕಡಿಮೆ. ಅಂದರೆ ಪೂರ್ತಿ ಮುಚ್ಚಿದ ಗೋಡೆಯ ಹತ್ತನೆಯ ಒಂದು ಭಾಗ! ಮೂರು ಅಂಗುಲ ಚೌಕದ, ಎಂಟು ಅಡಿ ಉದ್ದದ ಹಳೆಯ ಜಂತಿಗಳು ಎರಡು, ಗರಗಸದ ಪುಡಿಯೂ ಗಂಟೂ ಕಳೆದು ಹೆಚ್ಚೆಂದರೆ ಮೂರು ಸಾಕು. ನಡುವಿನ ಚೌಕಗಳಿಗೆ ಸುಣ್ಣ ಬಳಿದರೆ ಚೆಲುವು ಕುಂದುವುದಿಲ್ಲ. ಮರ ಕಡಿಮೆಯಿದ್ದಷ್ಟೂ ಗೋಡೆ ಉಸಿರಾಡುತ್ತದೆ.

ಹಳೆಯ ಮರಕ್ಕೂ ಎಚ್ಚರ ಬೇಕು. ಗೆದ್ದಲು ಹತ್ತದಿರಲೆಂದು ಹಿಂದೆ ಜಂತಿಗಳಿಗೆ ಡಾಂಬರನ್ನೋ ವಾಹನದ ಹಳೆಯ ಎಣ್ಣೆಯನ್ನೋ ಬಳಿಯುವ ರೂಢಿಯಿತ್ತು. ಅಂಥ ತುಂಡು ದನದ ಕೊಟ್ಟಿಗೆಗೆ ಇರಲಿ, ಮಗುವಿನ ಕೋಣೆಗೆ ಬೇಡ. ಹಳೆಯ ಬಣ್ಣದ ಪದರವಿದ್ದರೆ ಅದರಲ್ಲಿ ಸೀಸವಿರುವ ಸಂಭವವಿದೆ. ಅದನ್ನು ಮನೆಯೊಳಗೆ ಉಜ್ಜಿ ಧೂಳೆಬ್ಬಿಸಬಾರದು. ಒಳಗೆ ಮುರಿದು ಉಳಿದ ಮೊಳೆಗಳನ್ನು ಕೀಳದೆ ಗರಗಸಕ್ಕೆ ಕೊಟ್ಟರೆ ಬಡಿಗೇರನ ಕೈಗೆ ಅಪಾಯ. ಹಿಟ್ಟಿನಂಥ ಪುಡಿ ಉದುರುವ ಸಣ್ಣ ತೂತುಗಳಿದ್ದರೆ ಒಳಗೆ ಕೊರಕ ಹುಳುವಿದೆಯೆಂದು ತಿಳಿಯಬೇಕು. ಈ ಹುಳು ತಿನ್ನುವುದು ಬಹುಮಟ್ಟಿಗೆ ಹೊರಗಿನ ಬಿಳಿಮರವನ್ನು. ಅದನ್ನು ಕೆತ್ತಿ ತೆಗೆದು, ಕೆಂಚು ಬಣ್ಣದ ಚೇಗನ್ನು ಮಾತ್ರ ಉಳಿಸಿಕೊಳ್ಳಬೇಕು.

ಪಟ್ಟಿ ಕೂರಿಸುವ ಗೋಡೆಯನ್ನು ಆರಿಸುವುದರಲ್ಲಿಯೇ ಅರ್ಧ ಕೆಲಸವಿದೆ. ಮಳೆಯ ಇರಿಚಲು ಹೊಡೆಯುವ ಹೊರಗೋಡೆ, ಬಚ್ಚಲಿಗೆ ಅಂಟಿದ ಗೋಡೆ ಬೇಡ. ಅಲ್ಲಿ ಪಟ್ಟಿಯ ಹಿಂದೆ ಬೂಷ್ಟು ಹಿಡಿದು ಮಗುವಿನ ಕೆಮ್ಮು, ಉಬ್ಬಸಕ್ಕೆ ಕಾರಣವಾದೀತು. ಹೊಸ ಗಿಲಾವು ಪೂರ್ತಿ ಒಣಗಿದ ಮೇಲೆಯೇ, ಮಳೆಗಾಲ ಕಳೆದು ಬೇಸಿಗೆಯಲ್ಲಿ ಕೆಲಸ ಹಿಡಿಯುವುದು ಲೇಸು. ಮರ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಗಲಕ್ಕೆ ಹಿಗ್ಗುವುದು ಹೆಚ್ಚು. ಆದ್ದರಿಂದ ಪಟ್ಟಿಗಳನ್ನು ಒಂದಕ್ಕೊಂದು ಒತ್ತಿ ಹೊಡೆಯದೆ ಸಂದು ಬಿಡಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಬಿಗಿಯಾಗಿ ಕುಳಿತದ್ದು ಆಷಾಢದಲ್ಲಿ ಉಬ್ಬಿ ಎದ್ದೇಳುತ್ತದೆ. ನೆಲದಿಂದ ಎರಡು ಮೂರು ಅಂಗುಲ ಮೇಲಕ್ಕೆ ಕೂರಿಸಿದರೆ ನೆಲ ಒರೆಸುವ ನೀರೂ ತಾಗದು, ಗೆದ್ದಲು ಮಣ್ಣಿನ ಹಾದಿ ಕಟ್ಟಿದರೆ ಕಣ್ಣಿಗೂ ಬೀಳುತ್ತದೆ. ವಿದ್ಯುತ್ ತಂತಿ, ಪ್ಲಗ್ಗುಗಳನ್ನು ಮರದ ಹಿಂದೆ ಮುಚ್ಚಕೂಡದು. ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ಹೊಡೆದರೆ ಅದು ಮಗುವಿಗೆ ಏಣಿಯಾಗುತ್ತದೆ. ಆದ್ದರಿಂದ ನೇರಪಟ್ಟಿಗಳೇ ಸುರಕ್ಷಿತ. ಅಂಚುಗಳನ್ನು ದುಂಡಗೆ ಕೆತ್ತಿ, ಸಿಬಿರು ಏಳದಂತೆ ಕಾಗದದಿಂದ ಉಜ್ಜಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿಯನ್ನು ಅಂಟಿನಿಂದ ಮೆತ್ತದೆ ಸ್ಕ್ರೂನಿಂದ ಬಿಗಿಯಬೇಕು. ಮಗು ಹದಿನೈದು ತುಂಬಿದ ಮೇಲೆ ಆ ಗೋಡೆ ಬೇಡವೆಂದಾಗ ಅದೇ ಪಟ್ಟಿಗಳು ಪುಸ್ತಕದ ಕಪಾಟಾಗಬಹುದು. ಮೂರನೆಯ ಪ್ರಶ್ನೆಗೆ ಉತ್ತರ ಆ ಸ್ಕ್ರೂನಲ್ಲಿದೆ.

ಮೇಲ್ಲೇಪಕ್ಕೂ ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರದ ಗೊಂಬೆಗಳಿಗೆ ಅರಗಿನಲ್ಲಿ ಬಣ್ಣ ಬೆರೆಸಿ ಹಚ್ಚುತ್ತ ಬಂದಿದ್ದಾರೆ. ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮರಕ್ಕೆ ಉಜ್ಜಿದರೆ ಹೊಳಪೂ ಬರುತ್ತದೆ, ವಿಷವೂ ಇರುವುದಿಲ್ಲ. ಸ್ಪಿರಿಟ್ ಆರುವವರೆಗೆ ಕಿಟಕಿ ತೆರೆದು, ಬೆಂಕಿಯನ್ನು ದೂರವಿಟ್ಟರೆ ಸಾಕು. ಉತ್ತರ ಕರ್ನಾಟಕದ ಅಡುಗೆಮನೆಗೆ ಚಟ್ನಿಪುಡಿಯ ಮೂಲಕ ಪರಿಚಿತವಾದ ಅಗಸೆಯ ಎಣ್ಣೆ ಕೂಡ ಮರಕ್ಕೆ ಒಳ್ಳೆಯ ಲೇಪ. ತೆಳುವಾಗಿ ಹಚ್ಚಿ ಒರೆಸಿ, ಹಲವು ದಿನ ಒಣಗಲು ಬಿಡಬೇಕು. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಒಣಗುವಾಗ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಹಳೆಯ ಮರ ದೊರೆಯದವರು ಹೊಲದ ಮರವನ್ನು ಆಶ್ರಯಿಸಬಹುದು. ಹಲಸಿನ ಹಳದಿ ಚೇಗು ವೀಣೆಗೆ ಸಲ್ಲುವಷ್ಟು ಸುಸ್ಥಿರ, ಗೆದ್ದಲಿಗೂ ಸುಲಭವಾಗಿ ಜಗ್ಗದು. ಬೇವಿಗೆ ಹುಳುವಿನ ಭಯ ಕಡಿಮೆ. ಮಾವು ಅಗ್ಗ, ಆದರೆ ಹುಳು ಬೇಗ ಹತ್ತುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಒಣಗಿಸಿದರೆ ಬಾಳುತ್ತದೆ. ಸಿಲ್ವರ್ ಓಕ್ ಮತ್ತು ಹೆಬ್ಬೇವು ಬೇಗ ಬೆಳೆಯುವ, ಹಗುರವಾದ, ಒಳಗಿನ ಕೆಲಸಕ್ಕೆ ಒದಗುವ ಮರಗಳು. ಯಾವುದೇ ಆದರೂ ಸೀಳಿದ ಮೇಲೆ ನೆರಳಿನಲ್ಲಿ ಅಡ್ಡೆಯಿಟ್ಟು ಪೇರಿಸಿ ಕೆಲವು ತಿಂಗಳು ಒಣಗಿಸದೆ ಗೋಡೆಗೆ ಹೊಡೆಯಬಾರದು. ಕಾನೂನನ್ನೂ ಮರೆಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ಅಡಿಕೆ, ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಸಾಗವಾನಿ, ಹೊನ್ನೆಯಂಥ ಮರ ಸ್ವಂತ ಹೊಲದಲ್ಲಿದ್ದರೂ ಕಡಿಯಲು ಅನುಮತಿ, ಸಾಗಿಸಲು ಪರವಾನಗಿ ಬೇಕು. ಕಾಗದವಿಲ್ಲದೆ ಅಗ್ಗಕ್ಕೆ ಬರುವ ಸಾಗವಾನಿಯ ಹಿಂದೆ ಯಾವುದೋ ಗುಡ್ಡದ ಬೋಳಾದ ಬುಡ ಇರುತ್ತದೆ.

ಇಷ್ಟೆಲ್ಲದರಲ್ಲಿ ಒಬ್ಬೊಬ್ಬ ಮನೆಯವನೂ ಒಂಟಿಯಾಗಿ ಹೆಣಗಬೇಕಾಗಿಲ್ಲ. ಇಳಿಸಿದ ಮನೆಗಳ ಮರಮುಟ್ಟು ಎಲ್ಲಿ, ಎಷ್ಟು ಇದೆಯೆಂಬ ಪಟ್ಟಿಯೊಂದನ್ನು ಗ್ರಾಮ ಪಂಚಾಯಿತಿಯೋ ಊರಿನ ಯುವಕ ಸಂಘವೋ ಇಟ್ಟರೆ ಬೇಕಾದವರಿಗೆ ತಲಪುತ್ತದೆ, ಒಲೆಗೆ ಹೋಗುವುದು ತಪ್ಪುತ್ತದೆ. ಸಿದ್ಧ ಹಲಗೆ ಬಂದ ಮೇಲೆ ಕೆಲಸ ಕಳೆದುಕೊಂಡು ಊರು ಬಿಡುತ್ತಿರುವ ಬಡಿಗೇರ ಮನೆತನಗಳಿಗೆ ಅದರಿಂದ ನಾಲ್ಕು ದಿನದ ದುಡಿಮೆಯೂ ದೊರೆತೀತು. ಹಂಸಭಾವಿಯ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಮನೆಯ ಬಾಗಿಲು, ಕಿಟಕಿ, ತೊಟ್ಟಿಲು, ಮಣೆಗಳು ಯಾವ ಯಾವ ಮರದವೆಂದು ಹಿರಿಯರನ್ನೂ ಬಡಿಗೇರರನ್ನೂ ಕೇಳಿ ಬರೆದಿಟ್ಟರೆ, ಆ ಪಟ್ಟಿಯಲ್ಲಿರುವ ಎಷ್ಟು ಮರಗಳು ಇಂದು ಊರಿನ ಎಲ್ಲೆಯೊಳಗೆ ಜೀವಂತ ನಿಂತಿವೆಯೆಂಬ ಇನ್ನೊಂದು ಪಟ್ಟಿಯನ್ನೂ ಮಾಡಬೇಕಾಗುತ್ತದೆ. ಎರಡು ಪಟ್ಟಿಗಳ ನಡುವಿನ ಅಂತರವೇ ಈ ಸೀಮೆಯ ಅರಣ್ಯದ ಚರಿತ್ರೆ.

ಅಂತರವನ್ನು ತುಂಬುವ ದಾರಿಯೂ ಇದೆ. ಗೋವಿನಜೋಳ, ಹತ್ತಿಯ ಹೊಲಗಳ ಬದುಗಳು ಬರಿದಾಗಿವೆ. 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ರೈತನಿಗೆ ರಿಯಾಯಿತಿ ದರದಲ್ಲಿ ಸಸಿ ಕೊಟ್ಟು, ಬದುಕುಳಿದ ಗಿಡಗಳಿಗೆ ಮೂರು ವರ್ಷ ಪ್ರೋತ್ಸಾಹಧನ ನೀಡುವ ಏರ್ಪಾಡು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಶಿರಸಿಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ಯಾವ ಮಣ್ಣಿಗೆ ಯಾವ ಮರವೆಂದು ವಿಚಾರಿಸಬಹುದು. ಮಗು ಹುಟ್ಟಿದ ವರ್ಷ ಬದುವಿಗೆ ಹಚ್ಚಿದ ಹೆಬ್ಬೇವು ಆ ಮಗು ಪ್ರೌಢಶಾಲೆಗೆ ಹೋಗುವ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅದೇ ದಿನ ಹಚ್ಚಿದ ಸಾಗವಾನಿಯಾದರೋ ಆ ಮಗುವಿನ ಮಕ್ಕಳ ಕಾಲಕ್ಕೆ ಬಲಿಯುತ್ತದೆ.

ಕುಸನೂರಿನಲ್ಲಿ ಅಂದು ಜನ ಕಿತ್ತು ಸುಮ್ಮನಾಗಲಿಲ್ಲ, ಹಚ್ಚಿಯೂ ಬಂದರು. ಕೊಳ್ಳುವ ಹಲಗೆಯನ್ನು ಪ್ರಶ್ನಿಸುವ ಮನೆಯೂ ಹಾಗೆಯೇ ಬದುವಿನಲ್ಲಿ ನಾಲ್ಕು ಸಸಿ ಹಚ್ಚಬೇಕು. ಮಗುವಿನ ಕೋಣೆಗೆ ಮರದ ಗೋಡೆ ಇರಲಿ. ಅರ್ಧ ಘನ ಅಡಿಯಷ್ಟೇ ಇರಲಿ. “ಇದು ಯಾವ ಮರ?” ಎಂದು ಮಗು ಕೇಳಿದಾಗ ಅದರ ಹೆಸರನ್ನೂ ಅದು ಬೆಳೆದ ಜಾಗವನ್ನೂ ಹೇಳುವಷ್ಟು ತಿಳಿವಳಿಕೆ ಮನೆಯ ಹಿರಿಯರಿಗಿರಲಿ.